ಡ್ರೈವರ್ ಎಲ್ಲಿ ಮಲಗುತ್ತಾರೆ?



ಮಕ್ಕಳ ರಜೆ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಿಂದೆ ಸೊಗಲದ ಜಲಪಾತ, ನವಿಲುತೀರ್ಥದ ಅಣೆಕಟ್ಟು, ರಾಮದುರ್ಗ ತಾಲ್ಲೂಕಿನ ಶಬರಿಕೊಳ್ಳ ಇಷ್ಟಕ್ಕೇ ತೃಪ್ತಿಪಡುತ್ತಿದ್ದ ಬಳಗ ನಮ್ಮದು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವ ಆ ಪ್ರವಾಸಗಳಲ್ಲಿ ‘ಎಲ್ಲಿ ಉಳಿಯುವುದು’ ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಈಗ ಮೊಮ್ಮಕ್ಕಳ ಬೇಡಿಕೆ ಬೇರೆ. ಅವರಿಗೆ ಬೇಕಾದದ್ದು ಬೆಂಗಳೂರು-ಮೈಸೂರು ರಸ್ತೆಯಲ್ಲಿ ಬಿಡದಿಯ ಸಮೀಪವಿರುವ ವಂಡರ್‌ಲಾ.

ರಾಮದುರ್ಗದಲ್ಲಿರುವ ನನ್ನ ತಂಗಿಯ ಮಗ, ಸವದತ್ತಿಯ ಬೀಗರು, ಬೈಲಹೊಂಗಲದ ನಾವು, ಎಲ್ಲರೂ ಸೇರಿ ಹದಿನಾಲ್ಕು ಜನ ಹೋಗುವುದೆಂದು ನಿಶ್ಚಯವಾಯಿತು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ದಿನ ಚರ್ಚೆ ನಡೆಯಿತು. ಉದ್ಯಾನದ ಆವರಣದೊಳಗಿನ ರೆಸಾರ್ಟಿನಲ್ಲಿ ಉಳಿಯಬೇಕೆಂದು ಒಂದು ಪಕ್ಷ, ಹೊರಗಿನ ಹೋಟೆಲು ಸಾಕೆಂದು ಇನ್ನೊಂದು ಪಕ್ಷ. ಈಜುಕೊಳ, ಬೆಳಗಿನ ಉಪಾಹಾರ, ವೈಫೈ, ಕೋಣೆಯ ಚಿತ್ರಗಳು, ಹಿಂದೆ ಉಳಿದು ಬಂದವರು ಕೊಟ್ಟ ನಕ್ಷತ್ರಗಳು, ಎಲ್ಲದರ ಬಗೆಗೂ ಮಾತು ಬಂದಿತು. ನೂರಕ್ಕೂ ಹೆಚ್ಚು ಸಂದೇಶಗಳನ್ನು ನಾನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಹದಿನೈದನೆಯ ಮನುಷ್ಯನ ಹೆಸರು ಒಂದು ಸಂದೇಶದಲ್ಲಿಯೂ ಇರಲಿಲ್ಲ. ನಮ್ಮನ್ನು ಕರೆದೊಯ್ಯುವ ಚಾಲಕನ ಮಾತು ಹೇಳುತ್ತಿದ್ದೇನೆ.

ನಾನು ಕೇಳಿದೆ, “ಡ್ರೈವರ್ ಎಲ್ಲಿ ಮಲಗತಾರ?”

ಅಳಿಯನ ಉತ್ತರ ತಕ್ಷಣ ಬಂದಿತು: “ಮಾಮಾ, ಅವರದೇನ ಚಿಂತಿ? ಗಾಡ್ಯಾಗ ಮಕ್ಕೋತಾರ. ಬಾಟಾ ಕೊಡ್ತೀವಲ್ಲ!”

ಅಳಿಯ ಕೆಟ್ಟವನಲ್ಲ. ನಾನೇ ಎತ್ತಿ ಆಡಿಸಿದ ಹುಡುಗ, ಕರುಣೆಯುಳ್ಳವನು. ಅವನಾಡಿದ ಮಾತು ನಮ್ಮೆಲ್ಲರ ಮಾತು. ಆದುದರಿಂದಲೇ ಈ ಲೇಖನವನ್ನು ಅವನೊಬ್ಬನಿಗೆ ಕಳಿಸದೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಳಗೋ ಹೊರಗೋ ಎಂಬ ಪ್ರಶ್ನೆಯನ್ನು ವಿಚಾರಿಸೋಣ. ವಂಡರ್‌ಲಾ ಬೆಂಗಳೂರು ಉದ್ಯಾನ 2005ರಲ್ಲಿ ಆರಂಭವಾಯಿತು. ಅದರ ಆವರಣದಲ್ಲಿಯೇ 84 ಕೋಣೆಗಳ ರೆಸಾರ್ಟ್ 2012ರಲ್ಲಿ ತೆರೆಯಿತು. ಒಳಗೆ ಉಳಿಯುವುದರಿಂದ ಸೌಕರ್ಯವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಕ್ಕಳು ದಣಿದಾಗ ಕೋಣೆ ಹತ್ತಿರ, ಮುದುಕರಿಗೆ ನಡೆಯುವ ಶ್ರಮ ಕಡಿಮೆ. ಆದರೆ ‘ಬೆಳಿಗ್ಗೆ ಬೇಗ ಒಳಗೆ ಹೋಗಬಹುದು’ ಎಂಬ ವಾದವನ್ನು ನಾನು ಒಪ್ಪಲಾರೆ. ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿ ವರ್ಲ್ಡ್‌ನಲ್ಲಿ ತಮ್ಮದೇ ಹೋಟೆಲುಗಳ ಅತಿಥಿಗಳಿಗೆ ಅರ್ಧ ಗಂಟೆ ಮುಂಚಿತವಾಗಿ ಪ್ರವೇಶ ಕೊಡುತ್ತಾರೆ. ಅಲ್ಲಿ ಒಳಗೆ ಉಳಿಯುವುದಕ್ಕೆ ಒಂದು ಅರ್ಥವಿದೆ. ನಮ್ಮ ಬಿಡದಿಯ ಉದ್ಯಾನ ಸಾಮಾನ್ಯವಾಗಿ ತೆರೆಯುವುದೇ ಬೆಳಿಗ್ಗೆ 11 ಗಂಟೆಗೆ. ಬಿಡದಿ ಪೇಟೆಯಲ್ಲಿ ಎಂಟು ಗಂಟೆಗೆ ಎದ್ದವನೂ ತಟ್ಟೆ ಇಡ್ಲಿ ತಿಂದು, ಕಾಫಿ ಕುಡಿದು, ಪತ್ರಿಕೆ ಓದಿ ಹತ್ತೂವರೆಗೆ ಬಾಗಿಲಲ್ಲಿ ನಿಲ್ಲಬಹುದು.

ಇನ್ನು ಲೆಕ್ಕ. ಹೋಟೆಲ್ ಕೋಣೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ. 5, ಅದಕ್ಕೆ ಮೇಲ್ಪಟ್ಟ ಕೋಣೆಗೆ ಶೇ. 18. ಯಾವ ಹೋಟೆಲಿನ ಹೆಸರನ್ನೂ ಹೇಳದೆ ಉದಾಹರಣೆಗಾಗಿ ಎರಡು ದರ ತೆಗೆದುಕೊಳ್ಳುತ್ತೇನೆ. 8,000 ರೂಪಾಯಿಯ ಕೋಣೆಗೆ ತೆರಿಗೆ ಸೇರಿ 9,440 ಆಗುತ್ತದೆ. 2,500 ರೂಪಾಯಿಯ ಕೋಣೆಗೆ 2,625. ನಮ್ಮ ಹದಿನಾಲ್ಕು ಜನಕ್ಕೆ ಐದು ಕೋಣೆ ಬೇಕು. ಮೊದಲನೆಯದರಲ್ಲಿ ಒಂದು ರಾತ್ರಿಗೆ 47,200 ರೂಪಾಯಿ, ಎರಡನೆಯದರಲ್ಲಿ 13,125. ಎರಡು ರಾತ್ರಿ ಉಳಿದರೂ 26,250.

ನಾನು ಹೇಳಬೇಕಾದ ವಿಷಯ ಈ ಎರಡು ರಾತ್ರಿಗಳಲ್ಲಿದೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಂತು ಓದಿರಿ.

ಬೈಲಹೊಂಗಲದಿಂದ ಬಿಡದಿ ಐನೂರು ಕಿಲೋಮೀಟರಿಗೆ ಸಮೀಪ. ನಮ್ಮ ಕಡೆಯವರು ದುಬಾರಿ ಕೋಣೆಯನ್ನು ಹಿಡಿದಾಗ ಒಂದೇ ರಾತ್ರಿಗೆ ಹಿಡಿಯುತ್ತಾರೆ. ಆ ಖರ್ಚನ್ನು ಸರಿದೂಗಿಸಲು ಹೋಗುವ ಪ್ರಯಾಣವನ್ನೂ ಬರುವ ಪ್ರಯಾಣವನ್ನೂ ರಾತ್ರಿಯಲ್ಲಿ ಮಾಡುತ್ತಾರೆ. “ರಾತ್ರಿ ಊಟಾ ಮಾಡಿ ಬಿಟ್ರ ಬೆಳಗ್ಗೆ ಬೆಂಗಳೂರ” ಎಂಬ ಲೆಕ್ಕಾಚಾರ ನಿಮಗೆ ಹೊಸದಲ್ಲ. ಹದಿನಾಲ್ಕು ಜನ ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗುತ್ತಾರೆ, ಒಬ್ಬನು ಎಚ್ಚರವಾಗಿರುತ್ತಾನೆ. ಹಗಲು ಹದಿನಾಲ್ಕು ಜನ ನೀರಿನಲ್ಲಿ ಆಡುತ್ತಾರೆ. ಆ ಒಬ್ಬನು ವಾಹನ ನಿಲುಗಡೆಯ ಬಿಸಿಲಿನಲ್ಲಿ, ಕಾದ ತಗಡಿನ ಕೆಳಗೆ, ಬಾಗಿಲು ತೆರೆದಿಟ್ಟು ಕಾಲು ಹೊರಚಾಚಿ ನಿದ್ದೆ ಮಾಡಲು ಪ್ರಯತ್ನಿಸುತ್ತಾನೆ. ರಾತ್ರಿ ಮತ್ತೆ ಚಕ್ರ ಹಿಡಿಯುತ್ತಾನೆ. ಹೀಗೆ ಒಂದು ರಾತ್ರಿಯ ವೈಭವಕ್ಕಾಗಿ ಎರಡು ರಾತ್ರಿಗಳ ಗಂಡಾಂತರವನ್ನು ನಾವು ಕೊಂಡುಕೊಳ್ಳುತ್ತೇವೆ. ಹೊರಗಿನ ಸಾಧಾರಣ ಹೋಟೆಲಿನಲ್ಲಿ ಎರಡು ರಾತ್ರಿ ಉಳಿಯುವವರು ನಸುಕಿನಲ್ಲಿ ಊರು ಬಿಟ್ಟು ಸಂಜೆಗೆ ಬಿಡದಿ ಸೇರಬಹುದು, ಮರುದಿನ ಇಡೀ ಹಗಲು ಆಡಿ ರಾತ್ರಿ ಮಲಗಬಹುದು, ಮೂರನೆಯ ದಿನ ಬೆಳಕಿನಲ್ಲಿ ಮನೆಗೆ ಬರಬಹುದು. ಹೊರಗೆ ಉಳಿಯಿರಿ ಎಂದು ನಾನು ಹೇಳುವುದು ಜಿಪುಣತನದಿಂದಲ್ಲ, ಈ ಕಾರಣದಿಂದ.

ಇದು ನನ್ನೊಬ್ಬನ ಉಪದೇಶವೂ ಅಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ ಚಾಲಕನ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಇತ್ತು. ದೂರದ ಮಾರ್ಗಗಳಲ್ಲಿ ಅನುಮತಿಯಿದ್ದರೆ ದಿನಕ್ಕೆ 10 ಗಂಟೆಯವರೆಗೆ ಹೋಗಬಹುದಿತ್ತು. ಐದು ಗಂಟೆಗಿಂತ ಹೆಚ್ಚು ಹೊತ್ತು ಸತತವಾಗಿ ದುಡಿಸಿಕೊಳ್ಳಬಾರದಿತ್ತು, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಇರಬೇಕಿತ್ತು. 1988ರ ಮೋಟಾರು ವಾಹನ ಕಾಯಿದೆಯ 91ನೆಯ ಪ್ರಕರಣವೂ ಇದೇ ಮಿತಿಯನ್ನು ಎತ್ತಿಹಿಡಿದಿತ್ತು. ಬೈಲಹೊಂಗಲದಿಂದ ಬಿಡದಿಗೆ ಒಮ್ಮೆ ಹೋಗುವುದರಲ್ಲಿಯೇ ಈ ಮಿತಿ ಮುಗಿದುಹೋಗುತ್ತದೆ. ಅರವತ್ತು ವರ್ಷಕ್ಕೂ ಮೀರಿ ಜಾರಿಯಲ್ಲಿದ್ದ ಈ ಕಾಯಿದೆಯನ್ನು ನಾವು ಪ್ರವಾಸ ಹೊರಟಾಗಲೆಲ್ಲ ಮುರಿಯುತ್ತ ಬಂದೆವು. ಹೊರಡುವ ಮುನ್ನ ಚಕ್ರದ ಕೆಳಗೆ ಲಿಂಬೆಹಣ್ಣು ಇಡಲು ಮಾತ್ರ ಮರೆಯುವುದಿಲ್ಲ.

ಕಿತ್ತೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟೆಂಪೊ ಟ್ರಾವೆಲರ್ ಇಟ್ಟುಕೊಂಡಿದ್ದಾನೆ, ತಾನೇ ಓಡಿಸುತ್ತಾನೆ. ಅವನನ್ನು ವಿಚಾರಿಸಿದೆ. ಅವನೆಂದ: “ಸರ, ಬಾಟಾ ಅಂದ್ರ ಊಟದ ರೊಕ್ಕರೀ. ಅದ್ರಾಗ ಲಾಡ್ಜ್ ಎಲ್ಲಿ ಬರ್ತೈತ್ರಿ? ಹಾಸಿಗಿ ಕೇಳಿದ್ರ, ಗಾಡಿ ಕಾಯೋರು ಯಾರು ಅಂತಾರ್ರಿ. ಒಮ್ಮೊಮ್ಮೆ ಹೊಟೇಲ್‌ದವ್ರು ಪಾಯಖಾನಿಗೂ ಒಳಗ ಬಿಡೂದಿಲ್ರಿ.” ನಾನು ಹಳಗನ್ನಡ ಕಲಿಸುವಾಗ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗ ಅವನು. ಆಗ ನಿದ್ದೆ ಮಾಡಿದ್ದಕ್ಕೆ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ಅವನು ನಿದ್ದೆ ಬೇಡುತ್ತಿದ್ದಾನೆ.

ನಮ್ಮ ನೆರೆಯ ತಮಿಳುನಾಡು ಸರ್ಕಾರ 2023ರಲ್ಲಿ ತನ್ನ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದಿತು. ಹೋಟೆಲು ಮತ್ತು ವಸತಿಗೃಹಗಳು ಅತಿಥಿಗಳ ಚಾಲಕರಿಗಾಗಿ ಶೌಚಾಲಯಸಹಿತವಾದ ಮಲಗುವ ಕೋಣೆಯನ್ನು ತಮ್ಮ ಆವರಣದಲ್ಲಿ ಅಥವಾ 250 ಮೀಟರ್ ಒಳಗೆ ಒದಗಿಸಬೇಕು. ಎಂಟು ಕಾರುಗಳ ನಿಲುಗಡೆಗೆ ಒಂದು ಹಾಸಿಗೆಯಂತೆ ಇರಬೇಕು. ಎಷ್ಟು ಸರಳವಾದ ಲೆಕ್ಕ! ಕಾರು ನಿಲ್ಲಲು ಇಷ್ಟು ಚದರಡಿ ಜಾಗ ಬೇಕೆಂದು ನಿಯಮ ಬರೆಯಬಲ್ಲವರು, ಕಾರು ತಂದವನು ಮೈ ಚಾಚಲು ಆರಡಿ ಜಾಗ ಬೇಕೆಂದೂ ಬರೆಯಬಹುದು.

ಇಷ್ಟೆಲ್ಲ ಕಾಯಿದೆ ಹೇಳುವ ಈ ಮಾಸ್ತರ ತಾನು ಏನು ಮಾಡಿದ್ದ ಎಂದು ನೀವು ಕೇಳಬಹುದು. ಕೇಳಲೇಬೇಕು. ನಿಮ್ಮಲ್ಲಿ ನಲವತ್ತೆಂಟು ಜನರಿಗೆ ಆ ಕಥೆ ಗೊತ್ತಿದೆ. ಆದರೆ ಪೂರ್ತಿಯಾಗಿ ಗೊತ್ತಿಲ್ಲ.

2008ರ ಡಿಸೆಂಬರ್. ಒಂಬತ್ತನೆಯ ತರಗತಿಯ ನಲವತ್ತೆಂಟು ಮಕ್ಕಳನ್ನು ಬಾಡಿಗೆಯ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದಿದ್ದೆವು. ಪ್ರವಾಸದ ಹೊಣೆ ನನ್ನದು. ಸಂಜೆ ಊರು ಬಿಟ್ಟು ರಾತ್ರಿಯಿಡೀ ಪ್ರಯಾಣ. ಮರುದಿನ ವಿಧಾನಸೌಧ, ಲಾಲ್‌ಬಾಗ್, ವಿಶ್ವೇಶ್ವರಯ್ಯ ಸಂಗ್ರಹಾಲಯ. ರಾತ್ರಿ ಒಂದು ಛತ್ರದಲ್ಲಿ ಮಕ್ಕಳು ಜಮಖಾನೆಯ ಮೇಲೆ ಮಲಗಿದರು. ಚಾಲಕ ಬಸ್ಸು ಕಾಯುತ್ತ ರಸ್ತೆಬದಿಯಲ್ಲಿ, ಸೊಳ್ಳೆಗಳ ನಡುವೆ, ಸೀಟಿನ ಮೇಲೆ ಕುಳಿತೇ ರಾತ್ರಿ ಕಳೆದರು. ಮೂರನೆಯ ದಿನ ವಂಡರ್‌ಲಾ. ಆ ರಾತ್ರಿ ರಾಮನಗರದಲ್ಲಿ ತಂಗಿ ಬೆಳಿಗ್ಗೆ ಹೊರಡಬೇಕೆಂಬುದು ಮೂಲ ಯೋಜನೆ. ಅಲ್ಲಿಯ ವಸತಿಗೆ ಮಾತನಾಡಿಯೂ ಆಗಿತ್ತು.

ಸಂಜೆ ಮಕ್ಕಳು ಒದ್ದೆ ತಲೆಯಲ್ಲಿ ನಗುನಗುತ್ತ ಬಸ್ಸು ಹತ್ತಿದಾಗ ನನಗೊಂದು ಬುದ್ಧಿ ಹೊಳೆಯಿತು. ಈಗಲೇ ಹೊರಟರೆ ಬೆಳಿಗ್ಗೆ ಊರು ಸೇರುತ್ತೇವೆ, ವಸತಿಯ ಹಣ ಉಳಿಯುತ್ತದೆ. ತಲಾ 60 ರೂಪಾಯಿಯಂತೆ ಒಟ್ಟು 2,880 ರೂಪಾಯಿ. ಮಕ್ಕಳಿಗೆ ಮರಳಿಸಿದರೆ ಪಾಲಕರು ಮೆಚ್ಚುತ್ತಾರೆ. ಚಾಲಕರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವ ಹೆಂಗ ಹೇಳ್ತೀರಿ ಹಂಗ್ರಿ ಸರ” ಎಂದರು. ಅದನ್ನು ನಾನು ಒಪ್ಪಿಗೆಯೆಂದು ತಿಳಿದೆ. ಬಾಡಿಗೆ ಕೊಡುವವನ ಎದುರು ದುಡಿಯುವವನು ಬೇರೆ ಏನು ಹೇಳಬಲ್ಲನೆಂದು ಆಗ ಯೋಚಿಸಲಿಲ್ಲ.

ನಸುಕಿನ ಮೂರು ಗಂಟೆಯ ಸುಮಾರಿಗೆ, ರಾಣೆಬೆನ್ನೂರು ಇನ್ನೂ ಬಾರದಿರುವಾಗ, ಬಸ್ಸು ರಸ್ತೆ ಬಿಟ್ಟು ಕೆಳಗಿಳಿಯಿತು. ಬದಿಯಲ್ಲಿ ಸುರಿದಿದ್ದ ಜಲ್ಲಿಯ ರಾಶಿಗೆ ಏರಿ ನಿಂತಿತು. ಜಲ್ಲಿ ಅಲ್ಲಿರದಿದ್ದರೆ ಮುಂದೆ ಏನಿತ್ತೆಂಬುದನ್ನು ನಾನು ಕೈಬ್ಯಾಟರಿ ಹಿಡಿದು ನೋಡಿದ್ದೇನೆ: ಆಳವಾದ ಕಾಲುವೆ. ಮಕ್ಕಳು ಚೀರಿದ್ದು ಇಂದಿಗೂ ಕಿವಿಯಲ್ಲಿದೆ. ದೇವರ ದಯೆಯಿಂದ ಒಬ್ಬ ಹುಡುಗಿಯ ಮುಂದಿನ ಹಲ್ಲು ಮುರಿದದ್ದನ್ನು ಬಿಟ್ಟರೆ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಚಾಲಕರು ಜಲ್ಲಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದರು. “ಮೂರ ರಾತ್ರಿ ಆತ್ರಿ ಸರ, ಕಣ್ಣ ಮುಚ್ಚಿಲ್ಲ” ಎಂದರು.

ಇಲ್ಲಿಯವರೆಗಿನ ಕಥೆ ನಿಮಗೆ ಗೊತ್ತು. ಮುಂದಿನದು ಗೊತ್ತಿಲ್ಲ. ಊರಿಗೆ ಬಂದ ಮೇಲೆ ಮುಖ್ಯೋಪಾಧ್ಯಾಯರಿಗೆ ನಾನು ಲಿಖಿತ ವರದಿ ಕೊಡಬೇಕಾಯಿತು. ಅದರಲ್ಲಿ ‘ಚಾಲಕನ ಅಜಾಗರೂಕತೆಯಿಂದ ವಾಹನವು ರಸ್ತೆಯನ್ನು ಬಿಟ್ಟು ಇಳಿದಿತು’ ಎಂದು ಬರೆದೆ. ರಾಮನಗರದ ವಸತಿಯನ್ನು ರದ್ದುಮಾಡಿದ್ದನ್ನು ಬರೆಯಲಿಲ್ಲ. ಮೂರು ರಾತ್ರಿಯ ಮಾತನ್ನೂ ಬರೆಯಲಿಲ್ಲ. ಕರ್ತೃ, ಕರ್ಮ, ಕ್ರಿಯಾಪದಗಳನ್ನು ಮೂವತ್ತು ವರ್ಷ ಕಲಿಸಿದ ನನಗೆ ಆ ವಾಕ್ಯದ ನಿಜವಾದ ಕರ್ತೃ ಯಾರೆಂಬುದು ಗೊತ್ತಿತ್ತು. ಬಸ್ಸಿನ ಮಾಲೀಕರು ಚಾಲಕರನ್ನು ಕೆಲಸದಿಂದ ತೆಗೆದರು. ನಾನು ಮಕ್ಕಳಿಗೆ ತಲಾ 60 ರೂಪಾಯಿ ಮರಳಿಸಿದೆ. ಪಾಲಕರು ಮೆಚ್ಚಿದರು.

ಆರು ವರ್ಷಗಳ ನಂತರ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಅವರು ಸಿಕ್ಕರು. ಟಂಟಂ ಓಡಿಸುತ್ತಿದ್ದರು. ನಾನು ಗುರುತು ಹಿಡಿಯದಂತೆ ಸರಿದುಹೋಗಲು ನೋಡಿದೆ. ಅವರೇ ಬಂದು ಕೈಮುಗಿದರು. “ಸರ, ಆ ಹಲ್ಲ ಮುರದ ಹುಡುಗಿ ಆರಾಮ ಅದಾಳೇನ್ರಿ?” ಎಂದು ಕೇಳಿದರು. ಆರಾಮ ಇದ್ದಾಳೆ, ಧಾರವಾಡದಲ್ಲಿ ಓದುತ್ತಿದ್ದಾಳೆ ಎಂದೆ. “ಛಲೋ ಆತ್ರಿ” ಎಂದು ಹೋದರು. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಆಗಲೂ ಆಡಲಿಲ್ಲ.

ಅದೇ ಗುಡ್ಡಕ್ಕೆ ನಾನು ಬಾಲ್ಯದಲ್ಲಿ ಅಜ್ಜನ ಚಕ್ಕಡಿಯಲ್ಲಿ ಹೋಗುತ್ತಿದ್ದೆ. ಜೋಗುಳಬಾವಿಯ ಹತ್ತಿರ ಬಂಡಿಗಳು ನಿಲ್ಲುತ್ತಿದ್ದವು. ಮಕ್ಕಳಾದ ನಮಗೆ ಹಸಿವು, ಹೆಂಗಸರಿಗೆ ಸ್ನಾನದ ಅವಸರ. ಆದರೆ ಅಜ್ಜ ಮೊದಲು ಕೊಳ್ಳ ಹರಿದು, ಎತ್ತುಗಳ ಮೈ ತಿಕ್ಕಿ, ನೀರು ಕುಡಿಸಿ, ಮೇವು ಹಾಕಿ, ನೆರಳಿಗೆ ಕಟ್ಟಿದ ಮೇಲೆಯೇ ಬುತ್ತಿಯ ಗಂಟು ಬಿಚ್ಚಲು ಬಿಡುತ್ತಿದ್ದ. ಗುಡ್ಡದ ಮೇಲೆ ಗುಡಿಗೆ ಸಮೀಪದ ಜಾಗ ಸಿಕ್ಕೀತೇ ಎಂದು ಅವನು ಚಿಂತಿಸಿದ್ದನ್ನು ನಾನು ಕಾಣೆ. ನೀರು, ನೆರಳು, ಎತ್ತಿಗೆ ಜಾಗ, ಇವು ಇರುವಲ್ಲಿ ಬಂಡಿ ಬಿಡುತ್ತಿದ್ದ. ಎಳೆದು ತಂದ ಎತ್ತಿಗೆ ಸಂದ ಮರ್ಯಾದೆ ನಮ್ಮ ಕಾಲದಲ್ಲಿ ಮನುಷ್ಯನಿಗೆ ಸಲ್ಲುತ್ತಿಲ್ಲವೆಂದರೆ ನಮ್ಮ ಪದವಿಗಳಿಗೆಲ್ಲ ಏನು ಅರ್ಥ?

‘ಚಾಲಕನ ವಸತಿ ವಾಹನದ ಮಾಲೀಕನ ಹೊಣೆ’ ಎನ್ನುವವರಿದ್ದಾರೆ. ಆಗಬಹುದು, ಬಾಡಿಗೆ ಮಾತನಾಡುವಾಗಲೇ ಅದನ್ನು ಸೇರಿಸಿ ಮಾತನಾಡಿರಿ. ಕಾಲುವೆಯ ಅಂಚಿನಲ್ಲಿ ಹೊಣೆ ಯಾರದೆಂದು ಜಗಳವಾಡಲು ಸಮಯವಿರುವುದಿಲ್ಲ. ‘ವಾಹನದಲ್ಲಿ ಸಾಮಾನಿರುತ್ತದೆ, ಕಾಯಬೇಡವೇ’ ಎನ್ನುವವರು ಸಾಮಾನನ್ನು ಕೋಣೆಗೆ ಒಯ್ಯಲಿ. ‘ಅವರಿಗೆ ರೂಢಿಯಾಗಿದೆ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ರೂಢಿ ಇರುವುದು ದೇಹಕ್ಕೆ ನೋವು ತಾಳುವುದಕ್ಕೆ, ಕಣ್ಣಿಗೆ ನಿದ್ದೆ ತಡೆಯುವುದಕ್ಕಲ್ಲ.

ಈಗ ಹೊರಗೆ ಉಳಿಯುವವರಿಗೆ ನಾಲ್ಕು ಮಾತು. ಬಿಡದಿ ಕೈಗಾರಿಕಾ ಪ್ರದೇಶ. ಅಲ್ಲಿಗೆ ಕೆಲಸಕ್ಕೆಂದು ಬರುವವರಿಗಾಗಿಯೂ ವಸತಿಗೃಹಗಳಿವೆ. ಮರುದಿನ ಬೆಂಗಳೂರು ನೋಡುವವರಿಗೆ ಕೆಂಗೇರಿಯ ಕಡೆ, ಮೈಸೂರಿಗೆ ಮುಂದುವರಿಯುವವರಿಗೆ ರಾಮನಗರದ ಕಡೆ ಅನುಕೂಲ. ಆದರೆ ಮೊಬೈಲಿನ ನಕ್ಷೆ ತೋರಿಸುವ ದೂರವನ್ನು ಕುರುಡಾಗಿ ನಂಬಬೇಡಿರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಬಿಡದಿ, ರಾಮನಗರಗಳ ಪೇಟೆಯನ್ನು ಹೊರಗಿನಿಂದ ಬಳಸಿ ಹೋಗುತ್ತದೆ. ಎಲ್ಲೆಂದರಲ್ಲಿ ಇಳಿಯಲು, ತಿರುಗಲು ಬರುವುದಿಲ್ಲ. ಹೋಟೆಲಿಗೆ ನೇರವಾಗಿ ದೂರವಾಣಿ ಮಾಡಿ ದಾರಿ ಕೇಳಿರಿ. ಕೋಣೆಯ ಅವಧಿ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೋ, ಬಂದ ಹೊತ್ತಿನಿಂದ 24 ಗಂಟೆಯೋ ಎಂದು ಕೇಳಿರಿ. ಮೊಣಕಾಲು ನೋವಿನ ಅವ್ವನಿಗೆ ನೆಲಮಹಡಿಯ ಕೋಣೆ, ಕುಳಿತುಕೊಳ್ಳುವ ಕಮೋಡು ಇದೆಯೇ ಎಂದು ಕೇಳಿರಿ. ಆಟದ ಯಂತ್ರ ಹತ್ತದವರೂ ನಮ್ಮ ಜೊತೆ ಬಂದಿರುತ್ತಾರೆ.

ವಾಹನವೇ ಬೇಡವೆನ್ನುವವರಿಗೆ ಧಾರವಾಡದಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಬೆಂಗಳೂರಿನ ನೇರಳೆ ಮೆಟ್ರೊ ಮಾರ್ಗ 2023ರ ಅಕ್ಟೋಬರ್‌ನಿಂದ ಕೆಂಗೇರಿಯನ್ನು ದಾಟಿ ಚಲ್ಲಘಟ್ಟದವರೆಗೆ ಹೋಗುತ್ತದೆ, ಮುಂದೆ ಬಸ್ಸು. ಅದರಲ್ಲಿ ಎಲ್ಲರೂ ಮಲಗಬಹುದು.

ವಾಹನದಲ್ಲಿಯೇ ಹೋಗುವುದಾದರೆ, ಹಣ ಕಟ್ಟುವ ಮುನ್ನ ಹೋಟೆಲಿನವರಿಗೆ ಈ ಪ್ರಶ್ನೆಯನ್ನು ಕೇಳಿರಿ: ನಮ್ಮ ಡ್ರೈವರ್ ಎಲ್ಲಿ ಮಲಗುತ್ತಾರೆ? ಹಾಸಿಗೆ, ಫ್ಯಾನು, ಸೊಳ್ಳೆಪರದೆ, ಸ್ನಾನದ ನೀರು ಇದೆಯೇ? ಇಲ್ಲವೆಂದರೆ ಇನ್ನೊಂದು ಹೋಟೆಲಿಗೆ ಕೇಳಿರಿ, ಇಲ್ಲವೇ ಅವರಿಗಾಗಿ ಒಂದು ಕೋಣೆ ಹೆಚ್ಚಿಗೆ ಹಿಡಿಯಿರಿ. ಹದಿನಾಲ್ಕು ಜನರಲ್ಲಿ ಹಂಚಿದರೆ, ಮೇಲಿನ ಉದಾಹರಣೆಯ ದರದಂತೆ, ರಾತ್ರಿಯೊಂದಕ್ಕೆ ತಲಾ 190 ರೂಪಾಯಿಯೂ ಆಗುವುದಿಲ್ಲ. ಒಳಗಿನ ರೆಸಾರ್ಟಿನಲ್ಲಿಯೇ ಉಳಿಯುವ ಶಕ್ತಿ ನಿಮಗಿದ್ದರೆ ಸಂತೋಷ. ಅಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಿರಿ.

ಅಳಿಯ ಈ ಲೇಖನವನ್ನು ಓದುತ್ತಾನೆಂದು ಬಲ್ಲೆ. ಅವನು ಇನ್ನೂ ಹಣ ಕಟ್ಟಿಲ್ಲ. 2008ರ ಆ ಬಸ್ಸಿನಲ್ಲಿದ್ದ ನನ್ನ ನಲವತ್ತೆಂಟು ಮಕ್ಕಳೇ, ನೀವು ಈಗ ಮೂವತ್ತು ದಾಟಿದ್ದೀರಿ, ನಿಮ್ಮ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತೀರಿ. ಆ ರಾತ್ರಿ ತಪ್ಪು ಮಾಡಿದವನು ಚಾಲಕನಲ್ಲ, ನಾನು. ಆ ಚಾಲಕರು ಈಗ ಎಲ್ಲಿದ್ದಾರೆಂದು ಸವದತ್ತಿಯ ಕಡೆಯವರು ಯಾರಾದರೂ ಬಲ್ಲಿರಾದರೆ ನನಗೆ ತಿಳಿಸಿರಿ. ಹೋಗಿ ಭೇಟಿಯಾಗಬೇಕು.

ಇಂತಿ,
ನಿಮ್ಮ ಮಾಸ್ತರ